ಕ್ಲೌಡ್ ಸರ್ಟಿಫಿಕೇಷನ್ ಪರೀಕ್ಷೆಗೆ ಸಿದ್ಧತೆ ಹೇಗೆ? ಶುಲ್ಕ, ಪಠ್ಯ, ಅಭ್ಯಾಸದಿಂದ ಪರೀಕ್ಷೆಯ ದಿನದವರೆಗೆ ಇಲ್ಲಿದೆ ಪೂರ್ಣ ಮಾಹಿತಿ

ಪುಣೆಯ ಹಿಂಜವಾಡಿ, ಚೆನ್ನೈನ ಓಎಂಆರ್, ಹೈದರಾಬಾದ್‌ನ ಮಾದಾಪುರ, ನವಿ ಮುಂಬೈನ ಐರೋಲಿ, ದೆಹಲಿ ಪಕ್ಕದ ನೋಯ್ಡಾ ಮತ್ತು ಗುರುಗ್ರಾಮ. ಐಟಿ ಕೆಲಸಕ್ಕಾಗಿ ಊರು ಬಿಟ್ಟು ಬಂದವರು ಬೀಡುಬಿಟ್ಟಿರುವ ಈ ಪ್ರದೇಶಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವ ಮಾತು ‘ಕ್ಲೌಡ್ ಸರ್ಟಿಫಿಕೇಷನ್’. ಸಪೋರ್ಟ್ ಶಿಫ್ಟ್‌ನಲ್ಲಿ ದುಡಿಯುವವರು, ಟೆಸ್ಟಿಂಗ್‌ನಿಂದ ಬೇರೆ ವಿಭಾಗಕ್ಕೆ ಹೋಗಬೇಕೆಂದಿರುವವರು, ಆಗಷ್ಟೇ ಪದವಿ ಮುಗಿಸಿದವರು ಎಲ್ಲರೂ ಈ ಪರೀಕ್ಷೆಯತ್ತ ನೋಡುತ್ತಿದ್ದಾರೆ.

ಆದರೆ ಇದು ಅಗ್ಗದ ಪರೀಕ್ಷೆಯಲ್ಲ. ಎಡಬ್ಲ್ಯುಎಸ್‌ನ ಅಸೋಸಿಯೇಟ್ ಪರೀಕ್ಷೆಯನ್ನು ಒಂದು ಬಾರಿ ಬರೆಯಲು ಹತ್ತು ಸಾವಿರ ರೂಪಾಯಿಗೂ ಹೆಚ್ಚು ಬೇಕು. ನಪಾಸಾದರೆ ಆ ಹಣ ವಾಪಸ್ ಬರುವುದಿಲ್ಲ. ಪಾಸಾದರೂ ಪ್ರಮಾಣಪತ್ರಕ್ಕೆ ‘ಎಕ್ಸ್‌ಪೈರಿ ಡೇಟ್’ ಇದೆ. ಜತೆಗೆ ‘ಪಾಸ್ ಗ್ಯಾರಂಟಿ’, ‘ಕೆಲಸ ಗ್ಯಾರಂಟಿ’ ಎಂದು ಆಸೆ ತೋರಿಸುವ ಜಾಹೀರಾತುಗಳ ಕಾಟ ಬೇರೆ. ಶುಲ್ಕ ಕಟ್ಟುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಕ್ಲೌಡ್ ಎಂದರೆ ಆಕಾಶದಲ್ಲಿಲ್ಲ, ಪಕ್ಕದ ಊರಿನಲ್ಲೇ ಇದೆ

ಕಂಪನಿಯೊಂದು ತನ್ನದೇ ಸರ್ವರ್ ಖರೀದಿಸಿ, ಎಸಿ ಕೋಣೆಯಲ್ಲಿಟ್ಟು ನೋಡಿಕೊಳ್ಳುವ ಬದಲು ದೊಡ್ಡ ಡೇಟಾ ಸೆಂಟರ್‌ನಿಂದ ಬೇಕಾದಷ್ಟು ಕಂಪ್ಯೂಟಿಂಗ್ ಸಾಮರ್ಥ್ಯವನ್ನು ಬಾಡಿಗೆಗೆ ಪಡೆಯುವುದೇ ಕ್ಲೌಡ್ ಕಂಪ್ಯೂಟಿಂಗ್. ಬಳಸಿದಷ್ಟಕ್ಕೆ ಬಿಲ್, ಥೇಟ್ ಮನೆಯ ಕರೆಂಟ್ ಮೀಟರ್‌ನಂತೆ.

ಈ ಕ್ಷೇತ್ರದ ಮೂರು ದೊಡ್ಡ ಹೆಸರುಗಳು ಅಮೆಜಾನ್ ವೆಬ್ ಸರ್ವೀಸಸ್ (ಎಡಬ್ಲ್ಯುಎಸ್), ಮೈಕ್ರೋಸಾಫ್ಟ್ ಅಜ್ಯೂರ್ ಮತ್ತು ಗೂಗಲ್ ಕ್ಲೌಡ್. ಡೇಟಾ ಸೆಂಟರ್‌ಗಳ ಗುಂಪನ್ನು ಈ ಕಂಪನಿಗಳು ‘ರೀಜನ್’ ಎಂದು ಕರೆಯುತ್ತವೆ. ಅಜ್ಯೂರ್ 2015ರಲ್ಲಿ ಪುಣೆ, ಚೆನ್ನೈ ಮತ್ತು ಮುಂಬೈಯಲ್ಲಿ ರೀಜನ್ ತೆರೆಯಿತು. ಎಡಬ್ಲ್ಯುಎಸ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದ್‌ಗೆ ಬಂತು. ಗೂಗಲ್ ಕ್ಲೌಡ್ 2017ರಲ್ಲಿ ಮುಂಬೈಯಲ್ಲಿ, 2021ರಲ್ಲಿ ದೆಹಲಿಯಲ್ಲಿ ರೀಜನ್ ಆರಂಭಿಸಿತು.

ಗ್ರಾಹಕರ ಮಾಹಿತಿ ದೇಶದೊಳಗೇ ಇರಬೇಕು ಎನ್ನುವ ಬ್ಯಾಂಕ್, ವಿಮೆ ಮತ್ತು ಸರಕಾರಿ ಯೋಜನೆಗಳಿಗೆ ಈ ರೀಜನ್‌ಗಳು ಮುಖ್ಯ. ಇವನ್ನು ಬಳಸಿ ವ್ಯವಸ್ಥೆ ಕಟ್ಟಬಲ್ಲ ಎಂಜಿನಿಯರ್‌ಗಳಿಗೆ ಬೇಡಿಕೆ ಇರುವುದೂ ಇದೇ ಕಾರಣಕ್ಕೆ.

ಯಾವ ಪರೀಕ್ಷೆ ಆಯ್ದುಕೊಳ್ಳಬೇಕು?

ಮೂರೂ ಕಂಪನಿಗಳು ಹಂತ ಹಂತವಾಗಿ ಪರೀಕ್ಷೆ ನಡೆಸುತ್ತವೆ. ಎಡಬ್ಲ್ಯುಎಸ್‌ನಲ್ಲಿ ತಳಹಂತದ್ದು ಕ್ಲೌಡ್ ಪ್ರಾಕ್ಟೀಷನರ್. ಶುಲ್ಕ 100 ಡಾಲರ್. ಇದು ಪರಿಚಯದ ಮಟ್ಟದ್ದು. ಸೇಲ್ಸ್, ಮ್ಯಾನೇಜ್‌ಮೆಂಟ್ ವಿಭಾಗದವರೂ ಬರೆಯುತ್ತಾರೆ. ನಂತರದ್ದು ಅಸೋಸಿಯೇಟ್ ಹಂತ, 150 ಡಾಲರ್. ಅದರ ಮೇಲಿನದು ಪ್ರೊಫೆಷನಲ್ ಹಂತ, 300 ಡಾಲರ್. ತೆರಿಗೆ ಪ್ರತ್ಯೇಕ.

ಕೆಳಗಿನ ಹಂತ ಪಾಸಾಗದೆ ಮೇಲಿನದನ್ನು ಬರೆಯುವಂತಿಲ್ಲ ಎಂಬ ನಿಯಮ ಎಡಬ್ಲ್ಯುಎಸ್‌ನಲ್ಲಿ ಈಗ ಇಲ್ಲ. ಹಾಗೆಂದು ನೇರವಾಗಿ ಪ್ರೊಫೆಷನಲ್‌ಗೆ ಹಾರುವುದು ಜಾಣತನವಲ್ಲ. ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಗೆ ಒಂದು ವರ್ಷದ, ಪ್ರೊಫೆಷನಲ್‌ಗೆ ಎರಡು ಅಥವಾ ಹೆಚ್ಚು ವರ್ಷಗಳ ಕೈಯಾರೆ ಮಾಡಿದ ಅನುಭವ ಇದ್ದರೆ ಒಳ್ಳೆಯದು ಎಂದು ಕಂಪನಿಯೇ ಹೇಳುತ್ತದೆ. ಪ್ರೊಫೆಷನಲ್‌ನಲ್ಲಿ 180 ನಿಮಿಷಗಳಲ್ಲಿ 75 ಪ್ರಶ್ನೆ, ಪಾಸಾಗಲು 750 ಅಂಕ. ಒಂದೊಂದು ಪ್ರಶ್ನೆಯೂ ಪುಟ್ಟ ಪ್ಯಾಸೇಜ್‌ನಷ್ಟು ಉದ್ದ. ಉತ್ತರದ ಆಯ್ಕೆಗಳೂ ಎರಡು-ಮೂರು ಸಾಲಿನವು.

ಅಜ್ಯೂರ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಪರೀಕ್ಷೆ (ಎಝಡ್-104) ಅಸೋಸಿಯೇಟ್ ಹಂತದ್ದು. ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಎಕ್ಸ್‌ಪರ್ಟ್ ಆಗಲು ಎಝಡ್-305 ಜತೆಗೆ ಅಡ್ಮಿನಿಸ್ಟ್ರೇಟರ್ ಪ್ರಮಾಣಪತ್ರವೂ ಇರಬೇಕು. ಗೂಗಲ್‌ನಲ್ಲಿ ಅಸೋಸಿಯೇಟ್ ಕ್ಲೌಡ್ ಎಂಜಿನಿಯರ್‌ಗೆ 125 ಡಾಲರ್, ಪ್ರೊಫೆಷನಲ್ ಕ್ಲೌಡ್ ಆರ್ಕಿಟೆಕ್ಟ್‌ಗೆ 200 ಡಾಲರ್.

ಯಾವ ಕಂಪನಿಯ ಪರೀಕ್ಷೆ ಎಂಬುದನ್ನು ಯೂಟ್ಯೂಬ್ ನೋಡಿ ತೀರ್ಮಾನಿಸುವ ಅಗತ್ಯವಿಲ್ಲ. ಈಗಿರುವ ಕಚೇರಿಯಲ್ಲಿ ಯಾವ ಕ್ಲೌಡ್ ಬಳಕೆಯಲ್ಲಿದೆ, ಸೇರಬೇಕೆಂದಿರುವ ಕೆಲಸದ ಜಾಹೀರಾತುಗಳಲ್ಲಿ ಯಾವುದನ್ನು ಕೇಳುತ್ತಿದ್ದಾರೆ ಎಂಬುದನ್ನು ನೋಡಿದರೆ ಸಾಕು. ಇಪ್ಪತ್ತು ಜಾಹೀರಾತು ಓದಿ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಒಂದರಲ್ಲಿ ಪಳಗಿದವರಿಗೆ ಇನ್ನೊಂದು ಕಷ್ಟವಾಗದು. ಹೆಸರುಗಳು ಬೇರೆಯಾದರೂ ಒಳಗಿನ ತತ್ವ ಹೆಚ್ಚುಕಡಿಮೆ ಒಂದೇ.

ಹೆಚ್ಚು ಮಂದಿ ಮೊದಲು ಬರೆಯುವುದು ಎಡಬ್ಲ್ಯುಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಆದ್ದರಿಂದ ಮುಂದಿನ ವಿವರ ಅದನ್ನೇ ಆಧರಿಸಿದೆ. ತಯಾರಿಯ ಕ್ರಮ ಮಾತ್ರ ಉಳಿದ ಪರೀಕ್ಷೆಗಳಿಗೂ ಅನ್ವಯಿಸುತ್ತದೆ.

ಪರೀಕ್ಷೆ ಹೇಗಿರುತ್ತದೆ?

2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಎಸ್‌ಎಎ-ಸಿ03 ಆವೃತ್ತಿಯ ಪ್ರಕಾರ ಒಟ್ಟು 65 ಪ್ರಶ್ನೆ, 130 ನಿಮಿಷ. ಅಂದರೆ ಪ್ರಶ್ನೆಗೆ ಎರಡು ನಿಮಿಷ. ಇವುಗಳಲ್ಲಿ 50 ಪ್ರಶ್ನೆಗಳಿಗೆ ಮಾತ್ರ ಅಂಕ. ಉಳಿದ 15 ಮುಂದಿನ ಪರೀಕ್ಷೆಗಳಿಗಾಗಿ ಪರಿಶೀಲನೆಯಲ್ಲಿರುವ ಪ್ರಶ್ನೆಗಳು. ಆದರೆ ಯಾವುವು ಆ ಹದಿನೈದು ಎಂಬುದು ಅಭ್ಯರ್ಥಿಗೆ ತಿಳಿಯುವುದಿಲ್ಲ. ಹೀಗಾಗಿ ವಿಚಿತ್ರವೆನಿಸುವ ಪ್ರಶ್ನೆ ಬಂದರೆ ಗಾಬರಿ ಬೇಡ.

ಅಂಕ 100ರಿಂದ 1,000ದವರೆಗಿನ ಅಳತೆಯಲ್ಲಿರುತ್ತದೆ. ಪಾಸಾಗಲು 720 ಬೇಕು. ಇದು ನೇರವಾಗಿ ಶೇ. 72 ಎಂದು ಅರ್ಥವಲ್ಲ. ಪ್ರಶ್ನೆಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಹೊಂದಿಸಿದ ಅಂಕ. ಪ್ರತಿ ವಿಭಾಗದಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕಿಲ್ಲ, ಒಟ್ಟು ಅಂಕವಷ್ಟೇ ಲೆಕ್ಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಪಠ್ಯದಲ್ಲಿ ನಾಲ್ಕು ವಿಭಾಗಗಳಿವೆ:

- ಸುರಕ್ಷಿತ ವ್ಯವಸ್ಥೆಯ ವಿನ್ಯಾಸ: ಶೇ. 30
- ತೊಂದರೆಯಾದರೂ ನಿಲ್ಲದ ವ್ಯವಸ್ಥೆಯ ವಿನ್ಯಾಸ: ಶೇ. 26
- ವೇಗವಾಗಿ ಕೆಲಸ ಮಾಡುವ ವ್ಯವಸ್ಥೆಯ ವಿನ್ಯಾಸ: ಶೇ. 24
- ಖರ್ಚು ಉಳಿಸುವ ವ್ಯವಸ್ಥೆಯ ವಿನ್ಯಾಸ: ಶೇ. 20

ಆವೃತ್ತಿಗಳು ಆಗಾಗ ಬದಲಾಗುತ್ತವೆ. ಶುಲ್ಕ ಕಟ್ಟುವ ಮುನ್ನ ಅಧಿಕೃತ ವೆಬ್‌ಸೈಟ್‌ನಲ್ಲಿರುವ ‘ಎಕ್ಸಾಂ ಗೈಡ್’ ಡೌನ್‌ಲೋಡ್ ಮಾಡಿ ಓದುವುದು ಮೊದಲ ಕೆಲಸವಾಗಲಿ. ಇದು ಉಚಿತ. ಹಲವರು ಓದದೇ ಬಿಡುವುದೂ ಇದನ್ನೇ.

ಕನ್ನಡ ಮಾಧ್ಯಮದಲ್ಲಿ ಓದಿದವರು ತಪ್ಪದೇ ಗಮನಿಸಿ

ಈ ಪರೀಕ್ಷೆ ಕನ್ನಡದಲ್ಲಿಲ್ಲ. ಇಂಗ್ಲಿಷ್‌ನಲ್ಲೇ ಬರೆಯಬೇಕು. ಆದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ 30 ನಿಮಿಷ ಹೆಚ್ಚುವರಿ ಸಮಯ ಕೊಡುವ ಸೌಲಭ್ಯವಿದೆ. ಇದಕ್ಕೆ ‘ಇಎಸ್‌ಎಲ್ +30’ ಎಂದು ಹೆಸರು. ಶುಲ್ಕ ಇಲ್ಲ. ಸರ್ಟಿಫಿಕೇಷನ್ ಖಾತೆಯಲ್ಲಿ ಒಮ್ಮೆ ಕೋರಿಕೆ ಸಲ್ಲಿಸಿ ಒಪ್ಪಿಗೆ ಪಡೆದರೆ ಮುಂದಿನ ಪರೀಕ್ಷೆಗಳಿಗೂ ಅದು ಅನ್ವಯ.

ಮುಖ್ಯವಾದ ಸಂಗತಿ: ಪರೀಕ್ಷೆಯ ದಿನಾಂಕ ಬುಕ್ ಮಾಡುವ ಮೊದಲೇ ಈ ಕೋರಿಕೆ ಸಲ್ಲಿಸಬೇಕು. ಸೌಲಭ್ಯ ಸಿಕ್ಕರೆ 130 ನಿಮಿಷದ ಪರೀಕ್ಷೆಗೆ 160 ನಿಮಿಷ ಸಿಗುತ್ತದೆ. ಪ್ರತಿ ಪ್ರಶ್ನೆಗೆ ಸುಮಾರು ಎರಡೂವರೆ ನಿಮಿಷ. ಉದ್ದುದ್ದ ಇಂಗ್ಲಿಷ್ ವಾಕ್ಯಗಳನ್ನು ಎರಡು ಸಲ ಓದಬೇಕಾಗುವವರಿಗೆ ಪಾಸು-ನಪಾಸಿನ ವ್ಯತ್ಯಾಸ ಆಗುವುದು ಇಲ್ಲೇ. ಇದನ್ನು ಕೇಳಲು ಸಂಕೋಚ ಬೇಡ. ಪ್ರಮಾಣಪತ್ರದ ಮೌಲ್ಯ ಇದರಿಂದ ಕಡಿಮೆಯಾಗುವುದಿಲ್ಲ.

ಹತ್ತು ವಾರಗಳ ತಯಾರಿ

ಕೆಲಸ ಮಾಡುತ್ತಲೇ ಓದುವವರು ವಾರದ ದಿನಗಳಲ್ಲಿ ಒಂದು ಗಂಟೆ, ಶನಿವಾರ ಮತ್ತು ಭಾನುವಾರ ತಲಾ ಎರಡೂವರೆ ಗಂಟೆ ಮೀಸಲಿಟ್ಟರೆ ವಾರಕ್ಕೆ ಹತ್ತು ಗಂಟೆ, ಹತ್ತು ವಾರಕ್ಕೆ ನೂರು ಗಂಟೆ ಸಿಗುತ್ತದೆ. ಕಂಪ್ಯೂಟರ್ ನೆಟ್‌ವರ್ಕ್‌ನ ಮೂಲ ಪರಿಚಯ ಇರುವವರಿಗೆ ಇದು ಹದವಾದ ಲೆಕ್ಕ. ಐಪಿ ವಿಳಾಸ, ಡಿಎನ್‌ಎಸ್, ಲಿನಕ್ಸ್ ಕಮಾಂಡ್‌ಗಳೇ ಹೊಸದೆನ್ನುವವರು ಮೊದಲು ಮೂರು-ನಾಲ್ಕು ವಾರ ಅವನ್ನು ಕಲಿಯುವುದು ಒಳ್ಳೆಯದು.

1ನೇ ವಾರ: ಎಕ್ಸಾಂ ಗೈಡ್ ಓದು, ಖಾತೆ ತೆರೆಯುವುದು, ಐಎಎಂ. ಯಾರಿಗೆ ಯಾವ ಅನುಮತಿ ಎಂಬುದನ್ನು ತೀರ್ಮಾನಿಸುವ ಸೇವೆಯೇ ಐಎಎಂ.

2ನೇ ವಾರ: ನೆಟ್‌ವರ್ಕ್. ವಿಪಿಸಿ, ಸಬ್‌ನೆಟ್, ರೂಟ್ ಟೇಬಲ್. ಇಲ್ಲಿ ಅಡಿಪಾಯ ಅಲ್ಲಾಡಿದರೆ ಮುಂದಿನದೆಲ್ಲ ಅಲ್ಲಾಡುತ್ತದೆ.

3ನೇ ವಾರ: ಇಸಿ2 ಸರ್ವರ್, ಲೋಡ್ ಬ್ಯಾಲೆನ್ಸರ್, ಆಟೋ ಸ್ಕೇಲಿಂಗ್.

4ನೇ ವಾರ: ಸ್ಟೋರೇಜ್. ಎಸ್3, ಇಬಿಎಸ್, ಇಎಫ್‌ಎಸ್.

5ನೇ ವಾರ: ಡೇಟಾಬೇಸ್. ಆರ್‌ಡಿಎಸ್, ಅರೋರಾ, ಡೈನಮೋಡಿಬಿ.

6ನೇ ವಾರ: ಲ್ಯಾಂಬ್ಡಾ, ಎಸ್‌ಕ್ಯೂಎಸ್, ಎಸ್‌ಎನ್‌ಎಸ್, ಎಪಿಐ ಗೇಟ್‌ವೇ.

7ನೇ ವಾರ: ಭದ್ರತೆ ಮತ್ತೊಮ್ಮೆ, ಆಳವಾಗಿ. ಕೆಎಂಎಸ್, ಸೀಕ್ರೆಟ್ಸ್ ಮ್ಯಾನೇಜರ್, ಆರ್ಗನೈಸೇಷನ್ಸ್.

8ನೇ ವಾರ: ಖರ್ಚಿನ ಲೆಕ್ಕ ಮತ್ತು ಅವಘಡ ನಿರ್ವಹಣೆ.

9ನೇ ವಾರ: ಅಭ್ಯಾಸ ಪರೀಕ್ಷೆಗಳು, ಸಮಯ ಹಿಡಿದು.

10ನೇ ವಾರ: ತಪ್ಪಾದ ವಿಷಯಗಳ ಮರು ಓದು, ಕೊನೆಯ ಅಭ್ಯಾಸ ಪರೀಕ್ಷೆ, ವಿಶ್ರಾಂತಿ.

ಉಚಿತ ಸಾಮಗ್ರಿಗೆ ಕೊರತೆಯಿಲ್ಲ. ಎಡಬ್ಲ್ಯುಎಸ್‌ನ ಸ್ಕಿಲ್ ಬಿಲ್ಡರ್ ತಾಣದಲ್ಲಿ ಉಚಿತ ಪಾಠಗಳೂ ಅಧಿಕೃತ ಮಾದರಿ ಪ್ರಶ್ನೆಗಳೂ ಇವೆ. ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಅಜ್ಯೂರ್ ಪಾಠಗಳು ಉಚಿತ. ಮೂಲ ಪರಿಕಲ್ಪನೆ ಬೇಕೆನ್ನುವವರಿಗೆ ಐಐಟಿ ಖರಗ್‌ಪುರದ ಕ್ಲೌಡ್ ಕಂಪ್ಯೂಟಿಂಗ್ ಕೋರ್ಸ್ ಎನ್‌ಪಿಟಿಇಎಲ್‌ನಲ್ಲಿದೆ. ಎಡಬ್ಲ್ಯುಎಸ್‌ನ ‘ವೆಲ್ ಆರ್ಕಿಟೆಕ್ಟೆಡ್ ಫ್ರೇಂವರ್ಕ್’ ಎಂಬ ಕೈಪಿಡಿಯನ್ನೂ ಓದಬೇಕು. ಪ್ರಶ್ನೆಪತ್ರಿಕೆ ತಯಾರಿಸುವವರ ಯೋಚನೆಯ ದಾರಿ ಅದರಲ್ಲಿ ಸಿಗುತ್ತದೆ.

ಕೈಯಾರೆ ಮಾಡಿ, ಆದರೆ ಬಿಲ್ ಮೇಲೆ ಕಣ್ಣಿರಲಿ

ವಿಡಿಯೊ ನೋಡಿದರೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ತಾವೇ ಮಾಡಲು ಕುಳಿತಾಗ ಗೊತ್ತಾಗುತ್ತದೆ ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು. ಹಾಗಾಗಿ ಸ್ವಂತ ಖಾತೆಯಲ್ಲಿ ಅಭ್ಯಾಸ ಅಗತ್ಯ. ಆದರೆ ಖಾತೆ ತೆರೆಯಲು ಕಾರ್ಡ್ ವಿವರ ಕೊಡಬೇಕು. ಎಚ್ಚರ ತಪ್ಪಿದರೆ ತಿಂಗಳ ಕೊನೆಯಲ್ಲಿ ಬಿಲ್ ಬರುತ್ತದೆ.

2025ರ ಜುಲೈ 15ರಿಂದ ಎಡಬ್ಲ್ಯುಎಸ್‌ನ ಉಚಿತ ಬಳಕೆಯ ನಿಯಮ ಬದಲಾಗಿದೆ. ಹೊಸ ಖಾತೆಗೆ ಆರಂಭದಲ್ಲಿ 100 ಡಾಲರ್ ಕ್ರೆಡಿಟ್, ಕೆಲವು ಚಟುವಟಿಕೆ ಪೂರೈಸಿದರೆ ಇನ್ನೂ 100 ಡಾಲರ್‌ವರೆಗೆ ಸಿಗುತ್ತದೆ. ‘ಫ್ರೀ ಪ್ಲ್ಯಾನ್’ ಆಯ್ದುಕೊಂಡರೆ ಆರು ತಿಂಗಳು ಅಥವಾ ಕ್ರೆಡಿಟ್ ಮುಗಿಯುವವರೆಗೆ ಬಳಸಬಹುದು. ಹಳೆಯ ವಿಡಿಯೊಗಳಲ್ಲಿ ಹೇಳುವ ‘12 ತಿಂಗಳು ಉಚಿತ’ ಎಂಬ ಮಾತನ್ನು ಹೊಸ ಖಾತೆದಾರರು ನಂಬಿ ಕೂರಬಾರದು.

ಬಿಲ್ ಏರಿಸುವ ಸಾಮಾನ್ಯ ತಪ್ಪುಗಳಿವು:

- ನ್ಯಾಟ್ ಗೇಟ್‌ವೇ ಅಳಿಸದೇ ಬಿಡುವುದು. ಬಳಸದಿದ್ದರೂ ಗಂಟೆಗಿಷ್ಟು ಎಂದು ಶುಲ್ಕ ಬೀಳುತ್ತದೆ. ಅಮೆರಿಕದ ಉತ್ತರ ವರ್ಜೀನಿಯಾ ರೀಜನ್‌ನಲ್ಲಿ ಗಂಟೆಗೆ 0.045 ಡಾಲರ್. ನೋಡಲು ಚಿಲ್ಲರೆ ಹಣ. 30 ದಿನ ಬಿಟ್ಟರೆ 32 ಡಾಲರ್ ದಾಟುತ್ತದೆ.
- ಸಾರ್ವಜನಿಕ ಐಪಿವಿ4 ವಿಳಾಸ. 2024ರ ಫೆಬ್ರುವರಿಯಿಂದ ಪ್ರತಿ ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಶುಲ್ಕವಿದೆ.
- ಸರ್ವರ್ ‘ಸ್ಟಾಪ್’ ಮಾಡಿ ಸುಮ್ಮನಾಗುವುದು. ಸರ್ವರ್ ನಿಂತರೂ ಅದಕ್ಕೆ ಜೋಡಿಸಿದ ಇಬಿಎಸ್ ಡಿಸ್ಕ್‌ನ ಬಾಡಿಗೆ ನಿಲ್ಲುವುದಿಲ್ಲ.
- ಆಕ್ಸೆಸ್ ಕೀ ಅನ್ನು ಕೋಡ್ ಜತೆ ಗಿಟ್‌ಹಬ್‌ಗೆ ಹಾಕುವುದು. ಇಂಥ ಕೀಗಳನ್ನು ಹುಡುಕಲೆಂದೇ ಕಳ್ಳರು ಸ್ವಯಂಚಾಲಿತ ಪ್ರೋಗ್ರಾಂ ಓಡಿಸುತ್ತಿರುತ್ತಾರೆ. ಸಿಕ್ಕಿದ ಕೀ ಬಳಸಿ ದೊಡ್ಡ ಸರ್ವರ್‌ಗಳನ್ನು ಚಾಲೂ ಮಾಡಿ ಕ್ರಿಪ್ಟೊ ಮೈನಿಂಗ್ ನಡೆಸುತ್ತಾರೆ. ಬಿಲ್ ಮಾತ್ರ ಖಾತೆದಾರರ ಹೆಸರಿಗೆ.

ಖಾತೆ ತೆರೆದ ದಿನವೇ ರೂಟ್ ಬಳಕೆದಾರರಿಗೆ ಎಂಎಫ್‌ಎ ಹಾಕಿ, ‘ಬಡ್ಜೆಟ್ಸ್’ನಲ್ಲಿ ಐದು ಡಾಲರ್‌ಗೆ ಎಚ್ಚರಿಕೆಯ ಇಮೇಲ್ ಬರುವಂತೆ ಮಾಡಿಕೊಳ್ಳಬೇಕು. ನೆನಪಿರಲಿ, ಆ ಇಮೇಲ್ ಎಚ್ಚರಿಸುತ್ತದೆಯೇ ಹೊರತು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ.

ಪದೇ ಪದೇ ಎಡವುವ ಜಾಗಗಳು

ಪರೀಕ್ಷೆಯಲ್ಲಿ ಸೇವೆಗಳ ಹೆಸರು ಕೇಳುವುದು ಕಡಿಮೆ. ಒಂದೇ ಥರ ಕಾಣುವ ಎರಡು ಸೇವೆಗಳ ನಡುವಿನ ವ್ಯತ್ಯಾಸ ಗೊತ್ತೇ ಎಂದು ಪರೀಕ್ಷಿಸುವುದೇ ಹೆಚ್ಚು.

ಸೆಕ್ಯುರಿಟಿ ಗ್ರೂಪ್ ಮತ್ತು ನೆಟ್‌ವರ್ಕ್ ಎಸಿಎಲ್: ಸೆಕ್ಯುರಿಟಿ ಗ್ರೂಪ್ ಸರ್ವರ್‌ನ ಬಾಗಿಲಲ್ಲಿರುವ ಕಾವಲುಗಾರನಂತೆ. ಒಳಗೆ ಬಿಟ್ಟವರ ಮುಖ ನೆನಪಿಟ್ಟುಕೊಂಡು ವಾಪಸ್ ಹೋಗಲು ತಾನೇ ಬಿಡುತ್ತಾನೆ. ಇದರಲ್ಲಿ ‘ಬಿಡು’ ಎಂಬ ನಿಯಮ ಮಾತ್ರ ಇರುತ್ತದೆ. ನೆಟ್‌ವರ್ಕ್ ಎಸಿಎಲ್ ಇಡೀ ಸಬ್‌ನೆಟ್‌ನ ಗೇಟ್. ಇವನಿಗೆ ನೆನಪಿನ ಶಕ್ತಿ ಇಲ್ಲ. ಬರುವುದಕ್ಕೂ ಹೋಗುವುದಕ್ಕೂ ಬೇರೆ ಬೇರೆ ನಿಯಮ ಬರೆಯಬೇಕು. ‘ತಡೆ’ ಎಂದೂ ಬರೆಯಬಹುದು. ನಿರ್ದಿಷ್ಟ ಐಪಿ ವಿಳಾಸವನ್ನು ತಡೆಯಬೇಕೆಂದು ಪ್ರಶ್ನೆಯಲ್ಲಿದ್ದರೆ ಸೆಕ್ಯುರಿಟಿ ಗ್ರೂಪ್ ಉತ್ತರವಾಗಲಾರದು.

ಮಲ್ಟಿ ಎಝಡ್ ಮತ್ತು ರೀಡ್ ರೆಪ್ಲಿಕಾ: ಒಂದು ಡೇಟಾ ಸೆಂಟರ್ ಕೆಟ್ಟರೂ ಡೇಟಾಬೇಸ್ ನಿಲ್ಲಬಾರದು ಎಂದರೆ ಮಲ್ಟಿ ಎಝಡ್. ಓದುವವರ ಸಂಖ್ಯೆ ಹೆಚ್ಚಾಗಿ ಡೇಟಾಬೇಸ್ ನಿಧಾನವಾಗಿದೆ ಎಂದರೆ ರೀಡ್ ರೆಪ್ಲಿಕಾ. ಮೊದಲನೆಯದು ಭದ್ರತೆಗೆ ಇಟ್ಟ ಸ್ಟೆಪ್ನಿ ಟೈರ್, ಎರಡನೆಯದು ಹೆಚ್ಚುವರಿಯಾಗಿ ತೆರೆದ ಕೌಂಟರ್.

ಎಸ್‌ಕ್ಯೂಎಸ್ ಮತ್ತು ಎಸ್‌ಎನ್‌ಎಸ್: ಎಸ್‌ಕ್ಯೂಎಸ್ ಬ್ಯಾಂಕಿನ ಟೋಕನ್ ಸಾಲು. ಕೆಲಸಗಳು ಕಾದು ನಿಲ್ಲುತ್ತವೆ, ಕೌಂಟರ್ ಖಾಲಿಯಾದಂತೆ ಒಂದೊಂದನ್ನೇ ಎತ್ತಿಕೊಳ್ಳಲಾಗುತ್ತದೆ. ಎಸ್‌ಎನ್‌ಎಸ್ ಊರಿನ ಡಂಗುರ. ಒಮ್ಮೆ ಸಾರಿದರೆ ಚಂದಾದಾರರಾದ ಎಲ್ಲರಿಗೂ ಏಕಕಾಲಕ್ಕೆ ಮುಟ್ಟುತ್ತದೆ.

ನ್ಯಾಟ್ ಗೇಟ್‌ವೇ ಮತ್ತು ವಿಪಿಸಿ ಎಂಡ್‌ಪಾಯಿಂಟ್: ಖಾಸಗಿ ಸಬ್‌ನೆಟ್‌ನ ಸರ್ವರ್ ಎಸ್3ಗೆ ಇಂಟರ್‌ನೆಟ್ ಮೂಲಕ ಹೋಗದೆ ತಲುಪಬೇಕು, ಖರ್ಚೂ ಕಡಿಮೆಯಿರಬೇಕು ಎಂದರೆ ಉತ್ತರ ಗೇಟ್‌ವೇ ಎಂಡ್‌ಪಾಯಿಂಟ್. ಎಸ್3 ಮತ್ತು ಡೈನಮೋಡಿಬಿಗೆ ಮಾತ್ರ ಇದು ಲಭ್ಯ, ಹೆಚ್ಚುವರಿ ಶುಲ್ಕವಿಲ್ಲ.

ಸ್ಪಾಟ್ ಸರ್ವರ್: ಶೇ. 90ರವರೆಗೆ ರಿಯಾಯಿತಿ. ಆದರೆ ಎರಡು ನಿಮಿಷದ ಮುನ್ಸೂಚನೆ ಕೊಟ್ಟು ವಾಪಸ್ ಪಡೆಯುವ ಹಕ್ಕು ಕಂಪನಿಗಿದೆ. ಮಧ್ಯೆ ನಿಂತರೂ ಪರವಾಗಿಲ್ಲ ಎನ್ನುವ ಕೆಲಸಕ್ಕೆ ಸರಿ, ಬ್ಯಾಂಕ್ ವ್ಯವಹಾರಕ್ಕೆ ಅಲ್ಲ. ವರ್ಷವಿಡೀ ಒಂದೇ ಸಮನೆ ಓಡುವ ಕೆಲಸಕ್ಕೆ ಒಂದು ಅಥವಾ ಮೂರು ವರ್ಷದ ಒಪ್ಪಂದದ ಸೇವಿಂಗ್ಸ್ ಪ್ಲ್ಯಾನ್ ಸೂಕ್ತ.

ಆರ್‌ಪಿಒ ಮತ್ತು ಆರ್‌ಟಿಒ: ಆರ್‌ಟಿಒ ಎಂದರೆ ಇಲ್ಲಿ ಸಾರಿಗೆ ಕಚೇರಿಯಲ್ಲ. ಕೆಟ್ಟ ವ್ಯವಸ್ಥೆ ಎಷ್ಟು ಹೊತ್ತಿನೊಳಗೆ ಮತ್ತೆ ಎದ್ದು ನಿಲ್ಲಬೇಕು ಎಂಬುದು ಆರ್‌ಟಿಒ. ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ಸಹಿಸಬಹುದು ಎಂಬುದು ಆರ್‌ಪಿಒ. ದಿನಕ್ಕೊಮ್ಮೆ ರಾತ್ರಿ 12ಕ್ಕೆ ಬ್ಯಾಕಪ್ ತೆಗೆಯುವ ಕಂಪನಿಯ ಡೇಟಾಬೇಸ್ ಸಂಜೆ 4ಕ್ಕೆ ಹಾಳಾದರೆ 16 ಗಂಟೆಯ ಮಾಹಿತಿ ಹೋದಂತೆ. ಆರ್‌ಪಿಒ ಒಂದು ಗಂಟೆ ಎಂದು ಪ್ರಶ್ನೆಯಲ್ಲಿದ್ದರೆ ಆ ವ್ಯವಸ್ಥೆ ಸಾಲದು.

ಪ್ರಶ್ನೆ ಬಿಡಿಸುವ ಬಗೆ: ಒಂದು ಉದಾಹರಣೆ

ಪರೀಕ್ಷಾ ಮಂಡಳಿಯೊಂದು ಹತ್ತನೇ ತರಗತಿ ಫಲಿತಾಂಶ ಪ್ರಕಟಿಸಬೇಕಿದೆ ಎಂದುಕೊಳ್ಳೋಣ. ಪ್ರತಿ ವಿದ್ಯಾರ್ಥಿಯ ಫಲಿತಾಂಶದ ಪುಟ ಮೊದಲೇ ಸಿದ್ಧವಾಗಿದೆ, ಮತ್ತೆ ಬದಲಾಗುವುದಿಲ್ಲ. ವರ್ಷದಲ್ಲಿ ಒಂದೆರಡು ದಿನ ಲಕ್ಷಾಂತರ ಮಂದಿ ಮುಗಿಬೀಳುತ್ತಾರೆ. ಖರ್ಚು ಕಡಿಮೆಯಿರಬೇಕು, ನಿರ್ವಹಣೆಯ ಹೊರೆಯೂ ಅತಿ ಕಡಿಮೆಯಿರಬೇಕು. ಯಾವ ವ್ಯವಸ್ಥೆ ಸೂಕ್ತ?

ಅ) ಅತಿ ದೊಡ್ಡ ಇಸಿ2 ಸರ್ವರ್ ಅನ್ನು ವರ್ಷವಿಡೀ ಚಾಲೂ ಇಡುವುದು.
ಆ) ಲೋಡ್ ಬ್ಯಾಲೆನ್ಸರ್ ಹಿಂದೆ ಆಟೋ ಸ್ಕೇಲಿಂಗ್ ಇಸಿ2 ಸರ್ವರ್‌ಗಳು.
ಇ) ಪುಟಗಳನ್ನು ಎಸ್3ಯಲ್ಲಿಟ್ಟು ಕ್ಲೌಡ್‌ಫ್ರಂಟ್ ಮೂಲಕ ಹಂಚುವುದು.
ಈ) ಆರ್‌ಡಿಎಸ್ ಡೇಟಾಬೇಸ್‌ಗೆ ಐದು ರೀಡ್ ರೆಪ್ಲಿಕಾ ಸೇರಿಸುವುದು.

‘ಅ’ ವರ್ಷಪೂರ್ತಿ ಹಣ ತಿನ್ನುತ್ತದೆ, ಅದೊಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ‘ಆ’ ಕೆಲಸ ಮಾಡುತ್ತದೆ. ಹಲವರು ಇದನ್ನೇ ಆಯ್ದುಕೊಳ್ಳುತ್ತಾರೆ. ಆದರೆ ಸರ್ವರ್‌ಗಳ ಪ್ಯಾಚಿಂಗ್, ಸ್ಕೇಲಿಂಗ್ ನಿಯಮ ಎಲ್ಲವನ್ನೂ ನೋಡಿಕೊಳ್ಳಬೇಕು. ದಿಢೀರ್ ನುಗ್ಗಿದಾಗ ಹೊಸ ಸರ್ವರ್ ಏಳಲು ಸಮಯವೂ ಬೇಕು. ‘ಈ’ಯಲ್ಲಿ ಡೇಟಾಬೇಸ್ ಬಲಗೊಂಡರೂ ಪುಟ ಕೊಡುವವರು ಯಾರು ಎಂಬುದಕ್ಕೆ ಉತ್ತರವಿಲ್ಲ. ಪುಟಗಳು ಬದಲಾಗುವುದಿಲ್ಲ ಎಂಬ ಒಂದೇ ಮಾತು ‘ಇ’ಯತ್ತ ಬೊಟ್ಟು ಮಾಡುತ್ತದೆ. ಸರ್ವರ್ ನಿರ್ವಹಣೆಯೇ ಬೇಕಿಲ್ಲ, ಬಳಸಿದಷ್ಟೇ ಬಿಲ್.

ಇಲ್ಲಿ ಗಮನಿಸಬೇಕಾದದ್ದು, ಎರಡು ಉತ್ತರಗಳು ಕೆಲಸ ಮಾಡಬಲ್ಲವು. ಪ್ರಶ್ನೆಯ ಕೊನೆಯ ಸಾಲಿನಲ್ಲಿರುವ ‘ಮೋಸ್ಟ್ ಕಾಸ್ಟ್ ಎಫೆಕ್ಟಿವ್’, ‘ಲೀಸ್ಟ್ ಆಪರೇಷನಲ್ ಓವರ್‌ಹೆಡ್’ ಎಂಬಂಥ ಪದಗಳು ಯಾವುದು ಸರಿ ಎಂದು ತೀರ್ಮಾನಿಸುತ್ತವೆ. ಆದ್ದರಿಂದ ಕೊನೆಯ ಸಾಲನ್ನು ಮೊದಲು ಓದಿ, ನಂತರ ಕಥೆ ಓದಿ, ಸಲ್ಲದ ಎರಡನ್ನು ಹೊಡೆದುಹಾಕಿ, ಉಳಿದ ಎರಡನ್ನು ತೂಗುವುದು ಒಳ್ಳೆಯ ಕ್ರಮ.

ಯಾವಾಗ ಬುಕ್ ಮಾಡಬೇಕು?

ಅಭ್ಯಾಸ ಪರೀಕ್ಷೆ ಬರೆದಾಗಲೆಲ್ಲ ತಪ್ಪಾದ ಉತ್ತರಗಳಿಗೆ ಒಂದು ನೋಟ್‌ಬುಕ್ ಇಡಿ. ‘ಸರಿ ಉತ್ತರ ಯಾಕೆ ಸರಿ, ನನ್ನ ಉತ್ತರ ಯಾಕೆ ತಪ್ಪು’ ಎಂದು ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಮೊದಲ ಬಾರಿ ನೋಡುವ ಪ್ರಶ್ನೆಪತ್ರಿಕೆಯಲ್ಲಿ, ಸಮಯದೊಳಗೆ, ಸತತ ಮೂರು ಬಾರಿ ಶೇ. 80 ದಾಟಿದರೆ ದಿನಾಂಕ ಬುಕ್ ಮಾಡಬಹುದು. ಇದು ಅಧಿಕೃತ ನಿಯಮವಲ್ಲ, ಆದರೆ ಶುಲ್ಕ ಉಳಿಸುವ ಅಳತೆಗೋಲು. ಅದೇ ಪತ್ರಿಕೆಯನ್ನು ನಾಲ್ಕನೇ ಸಲ ಬರೆದು ಬಂದ ಶೇ. 95ಕ್ಕೆ ಅರ್ಥವಿಲ್ಲ, ಅದು ನೆನಪಿನ ಅಂಕ.

ಮನೆಯಲ್ಲೋ, ಕೇಂದ್ರದಲ್ಲೋ?

ಪಿಯರ್ಸನ್ ವಿಯುಇ ಮೂಲಕ ಪರೀಕ್ಷಾ ಕೇಂದ್ರದಲ್ಲಿ ಅಥವಾ ಮನೆಯಿಂದಲೇ ಆನ್‌ಲೈನ್‌ನಲ್ಲಿ ಬರೆಯಬಹುದು. ಮನೆಯಿಂದ ಬರೆಯುವುದಾದರೆ ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮೇಜಿನ ಮೇಲೆ ಪುಸ್ತಕ, ಫೋನ್ ಇರಬಾರದು, ಪರೀಕ್ಷೆ ಮುಗಿಯುವವರೆಗೆ ಯಾರೂ ಒಳಗೆ ಬರಬಾರದು. ವೆಬ್‌ಕ್ಯಾಮ್ ಮೂಲಕ ಮೇಲ್ವಿಚಾರಕರು ನೋಡುತ್ತಿರುತ್ತಾರೆ. ಗಟ್ಟಿಯಾಗಿ ಪ್ರಶ್ನೆ ಓದಿಕೊಳ್ಳುವುದಕ್ಕೂ ಆಕ್ಷೇಪ ಬರಬಹುದು.

ಮುಂಬೈಯ ಒಂದು ಕೋಣೆಯ ಮನೆ, ಪುಣೆ ಅಥವಾ ಹೈದರಾಬಾದ್‌ನ ಪಿಜಿಯಲ್ಲಿ ಇಂಥ ಎರಡೂವರೆ ಗಂಟೆ ಸಿಗುವುದು ಸುಲಭವಲ್ಲ. ಕರೆಂಟ್, ಇಂಟರ್‌ನೆಟ್ ಕೈಕೊಡುವ ಭಯ ಬೇರೆ. ಅಂಥವರಿಗೆ ಪರೀಕ್ಷಾ ಕೇಂದ್ರವೇ ಲೇಸು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಭದ್ರತಾ ತಂತ್ರಾಂಶ ಅಡ್ಡಿಪಡಿಸುವ ಸಾಧ್ಯತೆ ಇರುವುದರಿಂದ ‘ಸಿಸ್ಟಂ ಟೆಸ್ಟ್’ ಮೊದಲೇ ಮಾಡಿ ನೋಡಬೇಕು.

ಹೆಸರಿನ ವಿಷಯದಲ್ಲಿ ದಕ್ಷಿಣದವರಿಗೆ ಒಂದು ಎಚ್ಚರಿಕೆ. ಖಾತೆಯಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಹೊಂದಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಅಥವಾ ಊರಿನ ಪೂರ್ಣ ಹೆಸರು ಇದ್ದರೆ ಬಾಗಿಲಲ್ಲೇ ತಡೆಯಬಹುದು. ಬುಕ್ ಮಾಡುವ ಮುನ್ನವೇ ಸರಿಪಡಿಸಿಕೊಳ್ಳಿ. ದಿನಾಂಕ ಬದಲಿಸಬೇಕಾದರೆ 24 ಗಂಟೆ ಮೊದಲೇ ಬದಲಿಸಬೇಕು. ಗೈರಾದರೆ ಶುಲ್ಕ ಹೋದಂತೆಯೇ.

‘ಡಂಪ್ಸ್’ ಎಂಬ ಬಲೆ

‘ನಿಜವಾದ ಪರೀಕ್ಷೆಯ ಪ್ರಶ್ನೆಗಳು’ ಎಂದು ಟೆಲಿಗ್ರಾಂ ಗುಂಪುಗಳಲ್ಲಿ ಮಾರಾಟವಾಗುವ ಪಿಡಿಎಫ್‌ಗಳಿಗೆ ‘ಡಂಪ್ಸ್’ ಎನ್ನುತ್ತಾರೆ. ಪ್ರಶ್ನೆಗಳನ್ನು ಹೊರಗೆ ಹಂಚುವುದಿಲ್ಲ ಎಂದು ಪ್ರತಿ ಅಭ್ಯರ್ಥಿಯೂ ಒಪ್ಪಂದಕ್ಕೆ ಸಮ್ಮತಿ ಸೂಚಿಸಿಯೇ ಪರೀಕ್ಷೆ ಬರೆಯುತ್ತಾರೆ. ಅಕ್ರಮ ಕಂಡುಬಂದರೆ ಪ್ರಮಾಣಪತ್ರ ರದ್ದು ಮಾಡಿ, ಮುಂದೆ ಪರೀಕ್ಷೆ ಬರೆಯದಂತೆ ನಿರ್ಬಂಧಿಸುವ ಅಧಿಕಾರ ಕಂಪನಿಗಿದೆ. ಇಂಥ ಪಿಡಿಎಫ್‌ಗಳಲ್ಲಿ ಉತ್ತರಗಳೇ ತಪ್ಪಿರುವುದೂ ಮಾಮೂಲು.

ಇನ್ನೊಂದು ಪೆಟ್ಟು ಸಂದರ್ಶನದಲ್ಲಿ ಬೀಳುತ್ತದೆ. ‘ಖಾಸಗಿ ಸಬ್‌ನೆಟ್‌ನಲ್ಲಿರುವ ಸರ್ವರ್‌ಗೆ ಇಂಟರ್‌ನೆಟ್ ಸಿಗುತ್ತಿಲ್ಲ, ಎಲ್ಲೆಲ್ಲಿ ನೋಡುತ್ತೀರಿ?’ ಎಂದು ಕೇಳಿದರೆ ಬಾಯಿಪಾಠ ಮಾಡಿದವರು ತಡವರಿಸುತ್ತಾರೆ. ‘ನಿಮ್ಮ ಬದಲು ನಾವೇ ಪರೀಕ್ಷೆ ಬರೆಯುತ್ತೇವೆ’ ಎಂದು ಲ್ಯಾಪ್‌ಟಾಪ್‌ನ ರಿಮೋಟ್ ಆಕ್ಸೆಸ್ ಕೇಳುವವರಂತೂ ನೇರ ವಂಚಕರು. ಹಣದ ಜತೆ ಗುರುತಿನ ಚೀಟಿ, ಪಾಸ್‌ವರ್ಡ್ ಕೂಡ ಅವರ ಕೈಸೇರುತ್ತದೆ.

ನಪಾಸಾದರೆ? ಪಾಸಾದರೆ?

ನಪಾಸಾದರೆ 14 ದಿನ ಕಾದು ಮತ್ತೆ ಬರೆಯಬಹುದು. ಪ್ರತಿ ಬಾರಿಯೂ ಪೂರ್ತಿ ಶುಲ್ಕ. ಯಾವ ವಿಭಾಗದಲ್ಲಿ ದುರ್ಬಲ ಎಂಬುದು ಅಂಕಪಟ್ಟಿಯಲ್ಲಿರುತ್ತದೆ. ಅದನ್ನು ನೋಡದೆ ಹದಿನೈದನೇ ದಿನವೇ ಮತ್ತೆ ಬುಕ್ ಮಾಡುವುದು ಹಣ ಕಳೆದುಕೊಳ್ಳುವ ದಾರಿ.

ಫಲಿತಾಂಶ ಸಾಮಾನ್ಯವಾಗಿ ಐದು ಕೆಲಸದ ದಿನಗಳೊಳಗೆ ಬರುತ್ತದೆ. ಪಾಸಾದವರಿಗೆ ಡಿಜಿಟಲ್ ಬ್ಯಾಡ್ಜ್ ಜತೆಗೆ ಮುಂದಿನ ಪರೀಕ್ಷೆಗೆ ಶೇ. 50 ರಿಯಾಯಿತಿಯ ಕೂಪನ್ ಸಿಗುತ್ತದೆ. ಪ್ರೊಫೆಷನಲ್ ಹಂತದ 300 ಡಾಲರ್ ಪರೀಕ್ಷೆಗೆ ಅದನ್ನು ಉಳಿಸಿಕೊಂಡರೆ 150 ಡಾಲರ್ ಲಾಭ. ಎಡಬ್ಲ್ಯುಎಸ್ ಪ್ರಮಾಣಪತ್ರ ಮೂರು ವರ್ಷ ಊರ್ಜಿತ. ಗೂಗಲ್‌ನ ಪ್ರೊಫೆಷನಲ್ ಎರಡು ವರ್ಷ. ಅಜ್ಯೂರ್‌ನ ಅಸೋಸಿಯೇಟ್ ಮತ್ತು ಎಕ್ಸ್‌ಪರ್ಟ್ ಒಂದೇ ವರ್ಷ, ಆದರೆ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು.

ಪ್ರಮಾಣಪತ್ರ ಒಂದೇ ಕೆಲಸ ಕೊಡಿಸುವುದಿಲ್ಲ. ರೆಸ್ಯೂಮೆಯನ್ನು ಎಚ್‌ಆರ್ ಮೇಜಿನಿಂದ ತಾಂತ್ರಿಕ ತಂಡದ ಮೇಜಿಗೆ ದಾಟಿಸುವಷ್ಟು ಮಾತ್ರ ಅದರ ಶಕ್ತಿ. ಅಲ್ಲಿಂದ ಮುಂದೆ ತೋರಿಸಲು ಏನಾದರೂ ಇರಬೇಕು. ಊರಿನ ಶಾಲೆಗೊಂದು ವೆಬ್‌ಸೈಟ್, ಸಂಘದ ಸದಸ್ಯರ ನೋಂದಣಿಗೊಂದು ಪುಟ್ಟ ಆ್ಯಪ್, ಏನೇ ಇರಲಿ, ಸ್ವತಃ ಕಟ್ಟಿ, ಅದರ ತಿಂಗಳ ಖರ್ಚೆಷ್ಟು, ಕೆಟ್ಟರೆ ಹೇಗೆ ಸರಿಪಡಿಸುತ್ತೀರಿ ಎಂದು ವಿವರಿಸಬಲ್ಲವರಿಗೆ ಸಂದರ್ಶನ ಸುಲಭ. ಕಚೇರಿಯಲ್ಲಿ ಶುಲ್ಕ ಮರುಪಾವತಿಯ ಯೋಜನೆ ಇದೆಯೇ ಎಂದು ಮ್ಯಾನೇಜರ್ ಬಳಿ ಮೊದಲೇ ಕೇಳಿ. ಹಲವು ಐಟಿ ಕಂಪನಿಗಳಲ್ಲಿ ಇಂಥ ಸೌಲಭ್ಯ ಇರುತ್ತದೆ, ಕೇಳಿದವರಿಗೆ ಸಿಗುತ್ತದೆ.

ಬುಕ್ ಮಾಡುವ ಮುನ್ನ ಒಮ್ಮೆ ನೋಡಿಕೊಳ್ಳಿ

- ಎಕ್ಸಾಂ ಗೈಡ್‌ನ ಈಗಿನ ಆವೃತ್ತಿ ಓದಿದ್ದೀರಾ?
- 30 ನಿಮಿಷದ ಹೆಚ್ಚುವರಿ ಸಮಯಕ್ಕೆ ಕೋರಿಕೆ ಸಲ್ಲಿಸಿ ಒಪ್ಪಿಗೆ ಸಿಕ್ಕಿದೆಯೇ?
- ಖಾತೆಯ ಹೆಸರು ಗುರುತಿನ ಚೀಟಿಗೆ ಹೊಂದುತ್ತದೆಯೇ?
- ಹೊಸ ಅಭ್ಯಾಸ ಪತ್ರಿಕೆಗಳಲ್ಲಿ ಮೂರು ಬಾರಿ ಶೇ. 80 ದಾಟಿದ್ದೀರಾ?
- ಅಭ್ಯಾಸಕ್ಕೆ ತೆರೆದ ಸರ್ವರ್, ಗೇಟ್‌ವೇ, ಡಿಸ್ಕ್‌ಗಳನ್ನೆಲ್ಲ ಅಳಿಸಿದ್ದೀರಾ?

ಐದಕ್ಕೂ ‘ಹೌದು’ ಎಂದಾದರೆ ಶುಲ್ಕ ಕಟ್ಟಲು ಅಡ್ಡಿಯಿಲ್ಲ.